ತಂತ್ರಾಂಶದ ವಿನ್ಯಾಸ: ಕೋಡ್ ಬರೆಯುವ ಮುನ್ನ ನಡೆಯುವ ಕೆಲಸ

ಗಣಕದಲ್ಲಿ ‘ಕನ್ನಡ’ ಎಂಬ ಪದವನ್ನು ಬರೆಯಲು ಎಷ್ಟು ಕೀಲಿಗಳನ್ನು ಒತ್ತಬೇಕು? ‘ನುಡಿ’ ತಂತ್ರಾಂಶ ಬಳಸಿ ಅಭ್ಯಾಸವಿರುವ ಶಿಕ್ಷಕರು ತಟ್ಟನೆ ಉತ್ತರ ಹೇಳುತ್ತಾರೆ: ಐದು. ಇಂಗ್ಲಿಷ್ ಕೀಲಿಮಣೆಯ ಕೆ, ಎನ್, ಎಫ್, ಎನ್, ಡಬ್ಲ್ಯು. ಮೊದಲು ಕ, ಆಮೇಲೆ ನ, ಒತ್ತಕ್ಷರ ಬರಲಿದೆ ಎಂದು ತಿಳಿಸುವ ಎಫ್, ಮತ್ತೊಮ್ಮೆ ನ, ಕೊನೆಗೆ ಡ. ಬಾಯಿ ಉಚ್ಚರಿಸುವ ಕ್ರಮದಲ್ಲೇ ಬೆರಳು ಓಡುತ್ತದೆ. ಒತ್ತನ್ನು ಎಲ್ಲಿ ಕೂರಿಸಬೇಕು, ಅದರ ಆಕಾರ ಹೇಗಿರಬೇಕು ಎಂಬುದೆಲ್ಲ ಗಣಕದ ಹೊಣೆ.

ಹಳೆಯ ಬೆರಳಚ್ಚು ಯಂತ್ರದಲ್ಲಿ ಹೀಗಿರಲಿಲ್ಲ. ಅದರ ಕೀಲಿಗಳಲ್ಲಿ ಇದ್ದದ್ದು ಅಕ್ಷರಗಳ ಆಕಾರಗಳು. ಬೆರಳಚ್ಚುಗಾರರು ಕೊಂಬು, ದೀರ್ಘ, ಒತ್ತುಗಳನ್ನು ಒಂದೊಂದಾಗಿ ಹೊಡೆದು ಅಕ್ಷರವನ್ನು ಜೋಡಿಸುತ್ತಿದ್ದರು. ಗಣಕ ಬಂದ ಮೇಲೂ ಅದೇ ಪದ್ಧತಿಯನ್ನು ಮುಂದುವರಿಸಬಹುದಿತ್ತು. ಆದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಬೇರೊಂದು ದಾರಿ ಹಿಡಿಯಿತು. ಕನ್ನಡ ಬಲ್ಲವರ ಮನಸ್ಸಿನಲ್ಲಿ ಅಕ್ಷರವೆಂದರೆ ಮೊದಲು ಧ್ವನಿ, ಆಮೇಲೆ ಆಕಾರ. ಆದ್ದರಿಂದ ಕೀಲಿಮಣೆಯೂ ಧ್ವನಿಯನ್ನೇ ಅನುಸರಿಸಲಿ ಎಂಬುದು ಆ ವಿನ್ಯಾಸದ ತಿರುಳು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ವಿನ್ಯಾಸವನ್ನೇ ಅಳವಡಿಸಿಕೊಂಡಿತು.

ಗಮನಿಸಿ: ಈ ತೀರ್ಮಾನದಲ್ಲಿ ಒಂದು ಸಾಲು ಪ್ರೋಗ್ರಾಮ್ ಕೂಡ ಇಲ್ಲ. ಪ್ರೋಗ್ರಾಮ್ ಬರೆಯುವ ಮೊದಲೇ ಆಗಬೇಕಾದ ತೀರ್ಮಾನ ಅದು. ಯಾರಿಗಾಗಿ ಮಾಡುತ್ತಿದ್ದೇವೆ, ಅವರ ತಲೆಯಲ್ಲಿ ಈ ಕೆಲಸದ ಚಿತ್ರ ಹೇಗಿದೆ, ಅದಕ್ಕೆ ಹೊಂದುವಂತೆ ಗಣಕ ಹೇಗೆ ನಡೆದುಕೊಳ್ಳಬೇಕು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದನ್ನೇ ತಂತ್ರಾಂಶ ಕ್ಷೇತ್ರದಲ್ಲಿ ಉತ್ಪನ್ನ ವಿನ್ಯಾಸ ಎನ್ನುತ್ತಾರೆ. ವಿನ್ಯಾಸ ಎಂದೊಡನೆ ಪರದೆಯ ಬಣ್ಣ, ಗುಂಡಿಗಳ ಅಂದಚಂದ ಎಂದುಕೊಳ್ಳುವವರೇ ಹೆಚ್ಚು. ಅವು ಬೇಕು ನಿಜ, ಆದರೆ ಅವು ಕೊನೆಯ ಪಾಲು.

ಪಠ್ಯಪುಸ್ತಕದ ಜಲಪಾತ

ಗಣಕವಿಜ್ಞಾನದ ವಿದ್ಯಾರ್ಥಿಗಳಿಗೆ ತಂತ್ರಾಂಶ ತಯಾರಿಕೆಯ ಒಂದು ಚಿತ್ರ ಪರಿಚಿತವಾಗಿರುತ್ತದೆ. ಮೊದಲು ಅಗತ್ಯಗಳ ಪಟ್ಟಿ, ನಂತರ ವಿಶ್ಲೇಷಣೆ, ವಿನ್ಯಾಸ, ಕೋಡ್ ಬರೆಯುವುದು, ಪರೀಕ್ಷೆ, ಬಳಕೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ನೀರು ಇಳಿಯುವಂತೆ ಕಾಣುವುದರಿಂದ ಇದಕ್ಕೆ ‘ಜಲಪಾತ ಮಾದರಿ’ ಎಂಬ ಹೆಸರು ಬಂದಿದೆ. ಈ ಚಿತ್ರದ ಮೂಲವೆಂದು ಸಾಮಾನ್ಯವಾಗಿ ಉಲ್ಲೇಖಿಸುವುದು 1970ರಲ್ಲಿ ವಿನ್ಸ್‌ಟನ್ ರಾಯ್ಸ್ ಬರೆದ ಲೇಖನವನ್ನು. ಸ್ವಾರಸ್ಯವೆಂದರೆ, ಆ ಲೇಖನದಲ್ಲಿ ರಾಯ್ಸ್ ಈ ಸರಳ ಚಿತ್ರವನ್ನು ಕೊಟ್ಟು, ಹೀಗೆಯೇ ಮಾಡಿದರೆ ಅಪಾಯವಿದೆ, ವೈಫಲ್ಯಕ್ಕೆ ಆಹ್ವಾನ ಕೊಟ್ಟಂತೆ ಎಂದು ಎಚ್ಚರಿಸಿದ್ದರು. ಹೊಸ ಬಗೆಯ ತಂತ್ರಾಂಶವಾದರೆ ಅದನ್ನು ಎರಡು ಸಲ ಕಟ್ಟಿ, ಎರಡನೆಯದನ್ನು ಗ್ರಾಹಕರಿಗೆ ಕೊಡಿ ಎಂಬುದು ಅವರ ಸಲಹೆಗಳಲ್ಲೊಂದು. ಪಠ್ಯಪುಸ್ತಕಗಳು ಚಿತ್ರವನ್ನು ಉಳಿಸಿಕೊಂಡವು, ಎಚ್ಚರಿಕೆಯನ್ನು ಬಿಟ್ಟವು!

ಅಪಾಯ ಎಲ್ಲಿದೆ? ಮೊದಲ ಮೆಟ್ಟಿಲಿನಲ್ಲೇ. ತಮಗೆ ಏನು ಬೇಕೆಂದು ಬಳಕೆದಾರರು ಮೊದಲೇ ಪೂರ್ತಿಯಾಗಿ ಹೇಳಬಲ್ಲರು ಎಂದು ಈ ಮಾದರಿ ನಂಬುತ್ತದೆ. ಆದರೆ ಇಲ್ಲದ ವಸ್ತುವನ್ನು ಊಹಿಸಿಕೊಂಡು ಅದರ ಗುಣದೋಷ ಹೇಳುವುದು ಯಾರಿಗೂ ಸುಲಭವಲ್ಲ. ವಸ್ತು ಕೈಗೆ ಬಂದ ಮೇಲೆಯೇ ‘ಅಯ್ಯೋ, ಇದು ಹೀಗಲ್ಲವಲ್ಲ’ ಎನಿಸುತ್ತದೆ. ಅಷ್ಟು ಹೊತ್ತಿಗೆ ಹಣ, ಸಮಯ ಎರಡೂ ಖರ್ಚಾಗಿರುತ್ತವೆ.

ಹಾಗಾದರೆ ವಸ್ತು ತಯಾರಾಗುವ ಮೊದಲೇ ಅದನ್ನು ಬಳಸಿ ನೋಡಲು ಸಾಧ್ಯವೇ? ಸಾಧ್ಯ. ಅದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿ, ಮಾಡಿದ್ದನ್ನೆಲ್ಲ ಬರೆದಿಟ್ಟ ಒಂದು ಪ್ರಸಂಗವನ್ನು ಇಲ್ಲಿ ನೋಡೋಣ.

ಒಲಿಂಪಿಕ್ಸ್‌ನ ಧ್ವನಿ ಅಂಚೆ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಎಂದರೆ ನಮಗೆ ನೆನಪಾಗುವುದು ಪಿ. ಟಿ. ಉಷಾ. 400 ಮೀಟರ್ ಹರ್ಡಲ್ಸ್ ಓಟದಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಅಂತರದಿಂದ ಅವರು ಕಂಚಿನ ಪದಕ ಕಳೆದುಕೊಂಡರು. ಅದೇ ಕ್ರೀಡಾಕೂಟದಲ್ಲಿ ಐಬಿಎಂ ಸಂಸ್ಥೆಯ ಯಾರ್ಕ್‌ಟೌನ್ ಸಂಶೋಧನಾ ಕೇಂದ್ರದ ಜಾನ್ ಗೌಲ್ಡ್ ಮತ್ತು ಅವರ ಸಂಗಡಿಗರು ತಯಾರಿಸಿದ ‘ಒಲಿಂಪಿಕ್ ಸಂದೇಶ ವ್ಯವಸ್ಥೆ’ ಕೆಲಸ ಮಾಡುತ್ತಿತ್ತು.

ಮೊಬೈಲ್ ಇಲ್ಲದ ಕಾಲ. ದೂರದ ಊರಿನಲ್ಲಿ ಸ್ಪರ್ಧೆಗೆ ನಿಂತ ಮಗಳಿಗೆ ತಾಯಿ ಒಂದು ಮಾತು ಹೇಳಬೇಕು ಎಂದರೆ, ಮಗಳು ಆ ಕ್ಷಣದಲ್ಲಿ ದೂರವಾಣಿಯ ಪಕ್ಕದಲ್ಲೇ ಇರಬೇಕಿತ್ತು. ಈ ವ್ಯವಸ್ಥೆಯಲ್ಲಿ ತಾಯಿಯ ಮಾತನ್ನು ಗಣಕ ಅವರದೇ ದನಿಯಲ್ಲಿ ದಾಖಲಿಸಿಕೊಳ್ಳುತ್ತಿತ್ತು. ಕ್ರೀಡಾಗ್ರಾಮದಲ್ಲಿದ್ದ ಯಂತ್ರದ ಬಳಿ ಮಗಳು ಬಿಡುವಾದಾಗ ಬಂದು, ತನ್ನ ದೇಶದ ಮೂರಕ್ಷರದ ಸಂಕೇತ, ಹೆಸರು, ಗುಪ್ತಪದಗಳನ್ನು ಒತ್ತಿ ಅದನ್ನು ಕೇಳಬಹುದಿತ್ತು.

ಇಂದು ಸಣ್ಣ ಕೆಲಸವೆನಿಸಬಹುದು. ಆದರೆ ವಿನ್ಯಾಸಕಾರರ ಮುಂದಿದ್ದ ಕಷ್ಟಗಳನ್ನು ಯೋಚಿಸಿ ನೋಡಿ. ಬಳಸುವವರು 140 ದೇಶಗಳವರು. ಧ್ವನಿ ಅಂಚೆ ಎಂಬುದನ್ನು ಅವರಲ್ಲಿ ಬಹುತೇಕರು ಎಂದೂ ಕಂಡವರಲ್ಲ. ಯಾರಿಗೂ ತರಬೇತಿ ಕೊಡುವಂತಿಲ್ಲ. ಸೂಚನೆಗಳು 12 ಭಾಷೆಗಳಲ್ಲಿ ಇರಬೇಕು. ಇಷ್ಟರ ಮೇಲೆ ಗಡುವು ಜಗ್ಗುವಂತಿಲ್ಲ. ಜುಲೈ 28ರಂದು ಕ್ರೀಡಾಕೂಟ ಆರಂಭವಾಗಿಯೇ ತೀರುತ್ತದೆ. ‘ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆ’ ಎನ್ನಲು ಅವಕಾಶವೇ ಇಲ್ಲ.

ಅವರು ಮೊದಲು ಮಾಡಿದ್ದೇನು ಗೊತ್ತೇ? ನಾಟಕದ ಸಂಭಾಷಣೆಯಂಥ ಪುಟಗಳನ್ನು ಬರೆದರು. ತಂದೆಯೊಬ್ಬ ದೂರವಾಣಿ ಮಾಡುತ್ತಾನೆ; ತನ್ನ ದೇಶದ ಒಲಿಂಪಿಕ್ ಸಮಿತಿಯ ಸಿಬ್ಬಂದಿ ಅದನ್ನು ಎತ್ತಿಕೊಂಡು ಮಗನ ಹೆಸರು ಕೇಳುತ್ತಾರೆ; ವ್ಯವಸ್ಥೆಗೆ ಜೋಡಿಸುತ್ತಾರೆ; ‘ಮಾತು ಮುಗಿದ ಮೇಲೆ ಫೋನ್ ಇಟ್ಟರಾಯಿತು’ ಎಂದು ಗಣಕ ಹೇಳುತ್ತದೆ; ತಂದೆ ಮಾತನಾಡುತ್ತಾನೆ. ಇಷ್ಟೇ. ಈ ಪುಟಗಳನ್ನು ಕ್ರೀಡಾಪಟುಗಳಿಗೂ ಇತರರಿಗೂ ಓದಲು ಕೊಟ್ಟು ಅಭಿಪ್ರಾಯ ಕೇಳಿದರು. ‘ಸಂದೇಶ ವ್ಯವಸ್ಥೆ ಹೇಗಿರಬೇಕು?’ ಎಂದು ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಆದರೆ ಹೀಗೊಂದು ಸನ್ನಿವೇಶವನ್ನು ಮುಂದಿಟ್ಟರೆ, ಇಲ್ಲಿ ಹೀಗಾದರೇನು ಗತಿ, ಅಲ್ಲಿ ಹಾಗಾದರೇನು ಗತಿ ಎಂದು ಎಲ್ಲರಿಗೂ ಮಾತು ಹುಟ್ಟುತ್ತದೆ. ಕಾಗದದ ಮೇಲಿನ ತಪ್ಪನ್ನು ತಿದ್ದಲು ಒಂದು ಪೆನ್ಸಿಲ್ ಸಾಕು.

ತಂದೆಯ ಕರೆ ನೇರವಾಗಿ ಗಣಕಕ್ಕೆ ಹೋಗದೆ ಸಿಬ್ಬಂದಿಯ ಮೂಲಕ ಹೋಗುವುದನ್ನು ಗಮನಿಸಿದಿರಾ? ಆಗ ಜಗತ್ತಿನ ಬಹಳಷ್ಟು ಮನೆಗಳಲ್ಲಿ ಇದ್ದದ್ದು ಬೆರಳಿಟ್ಟು ತಿರುಗಿಸುವ ದೂರವಾಣಿ. ಗುಂಡಿ ಒತ್ತಿದಾಗ ಹೊರಡುವ ನಾದಸಂಕೇತ ಅದರಿಂದ ಬರುವುದಿಲ್ಲ. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದು ತಂದೆಗೆ ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ಆತನ ಪಾಲಿಗೆ ಉಳಿಸಿದ್ದು ಎರಡೇ ಕೆಲಸ: ಮಾತನಾಡುವುದು, ಫೋನ್ ಇಡುವುದು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯುತ್ತಮ ವಿನ್ಯಾಸ ಇದೇ. ಬಳಕೆದಾರನಿಗೆ ಕಲಿಯಲು ಏನನ್ನೂ ಉಳಿಸದಿರುವುದು ಹೊಸ ಸೌಲಭ್ಯ ಸೇರಿಸುವುದಕ್ಕಿಂತ ಕಷ್ಟದ ಕೆಲಸ.

ಮುಂದಿನ ಹೆಜ್ಜೆಗಳೂ ಸ್ವಾರಸ್ಯಕರವಾಗಿವೆ. ಬಳಕೆಯ ಕೈಪಿಡಿಯನ್ನು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಬರೆಯುತ್ತಾರೆ. ಇವರು ಆರಂಭದಲ್ಲೇ ಬರೆದು, ಜನರಿಗೆ ತೋರಿಸಿ, ಮತ್ತೆ ಮತ್ತೆ ತಿದ್ದಿದರು. ಕೈಪಿಡಿಯಲ್ಲಿ ನಾಲ್ಕು ಸಾಲಿನಲ್ಲಿ ಹೇಳಲಾಗದ ಸೌಲಭ್ಯ ಬಳಕೆಯಲ್ಲೂ ತೊಡಕಾಗಿಯೇ ಇರುತ್ತದೆ ಎಂಬುದು ಇದರಿಂದ ಬೇಗ ಗೊತ್ತಾಗುತ್ತದೆ. ಯಂತ್ರದ ಗೂಡು ಹೇಗಿರಬೇಕೆಂದು ತಿಳಿಯಲು ಒಂದು ಪೊಳ್ಳು ಸಿಲಿಂಡರನ್ನು ಸಂಶೋಧನಾ ಕೇಂದ್ರದೊಳಗೆ ಜನ ಓಡಾಡುವ ದಾರಿಯಲ್ಲಿ ನಿಲ್ಲಿಸಿದರು. ಅದರ ಮೇಲೆ ಪರದೆ ಬರುವ ಜಾಗದಲ್ಲಿ ಕಾಗದ ಅಂಟಿಸಿತ್ತು. ಹಾದುಹೋಗುವವರು ನಿಂತು, ಇದು ಬಹಳ ಎತ್ತರ, ಆ ಪದ ಅರ್ಥವಾಗುತ್ತಿಲ್ಲ ಎಂದು ಹೇಳಿಹೋಗುತ್ತಿದ್ದರು. ಪ್ರಯೋಗಕ್ಕೆ ಒಪ್ಪಿದವರಿಗೆ ಕಾಫಿ ಮತ್ತು ಡೋನಟ್ ಉಚಿತವಾಗಿ ಕೊಟ್ಟು, ಅವರು ಬಳಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದರು. ಹಿಂದೆ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದ ಕ್ರೀಡಾಪಟುವೊಬ್ಬರನ್ನು ತಂಡಕ್ಕೇ ಸೇರಿಸಿಕೊಂಡರು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಹಲವು ದೇಶಗಳ ಕ್ರೀಡಾಪಟುಗಳ ಕೈಗೆ ಇದನ್ನು ಕೊಟ್ಟು ನೋಡಿದರು. ಕೊನೆಗೆ ಗಣಕವಿಜ್ಞಾನದ ವಿದ್ಯಾರ್ಥಿಗಳನ್ನು ಕರೆಸಿ, ‘ಸಾಧ್ಯವಾದರೆ ಇದನ್ನು ಕೆಡಿಸಿ’ ಎಂದು ಸವಾಲು ಹಾಕಿದರು. ವಿದ್ಯಾರ್ಥಿಗಳಿಗೆ ಇಷ್ಟವಾಗುವ ಪರೀಕ್ಷೆ ಎಂದರೆ ಇದೇ ಇರಬೇಕು.

ಕ್ರೀಡಾಗ್ರಾಮ ತೆರೆದಿದ್ದ ನಾಲ್ಕು ವಾರಗಳಲ್ಲಿ ಈ ವ್ಯವಸ್ಥೆ 40,000ಕ್ಕೂ ಹೆಚ್ಚು ಬಾರಿ ಬಳಕೆಯಾಯಿತು. ಹೀಗೆಂದು 1987ರಲ್ಲಿ ವರದಿ ಪ್ರಕಟಿಸಿದವರು ಅದನ್ನು ತಯಾರಿಸಿದವರೇ ಎಂಬುದನ್ನು ನಾವು ಮರೆಯಬಾರದು. ಆದರೂ ವರದಿಯ ಬೆಲೆ ಅದರಲ್ಲಿರುವ ಯಶಸ್ಸಿನ ಮಾತಿಗಿಂತ, ಪ್ರತಿ ಹೆಜ್ಜೆಯನ್ನೂ ಬಿಡದೆ ದಾಖಲಿಸಿರುವುದರಲ್ಲಿದೆ.

ಗೌಲ್ಡ್ ಈ ಕೆಲಸಕ್ಕೆ ಕೈಹಾಕಿದ್ದು ಒಂದು ಸಿದ್ಧಾಂತವನ್ನು ಪರೀಕ್ಷಿಸಲು. ಅವರು ಮತ್ತು ಕ್ಲೇಟನ್ ಲೂಯಿಸ್ ಮೂರು ತತ್ತ್ವಗಳನ್ನು ಮಂಡಿಸಿದ್ದರು: ಆರಂಭದಿಂದಲೇ ಬಳಕೆದಾರರ ಮೇಲೆ ಗಮನ, ಅವರು ಬಳಸುವುದನ್ನು ಕಂಡು ಅಳೆಯುವುದು, ಕಂಡ ದೋಷ ತಿದ್ದಿ ಮತ್ತೆ ಪರೀಕ್ಷಿಸುವುದು. ‘ಇದರಲ್ಲೇನಿದೆ ಹೊಸತು, ಎಲ್ಲರಿಗೂ ಗೊತ್ತಿರುವುದೇ’ ಎನ್ನುತ್ತೀರಾ? ಅವರಿಗೂ ಈ ಮಾತು ಎದುರಾಗಿತ್ತು. ಹಾಗಾಗಿ ಅವರು 400ಕ್ಕೂ ಹೆಚ್ಚು ಮಂದಿ ವಿನ್ಯಾಸಕಾರರಿಗೆ, ಒಂದು ವ್ಯವಸ್ಥೆಯನ್ನು ರೂಪಿಸುವಾಗ ಅನುಸರಿಸಬೇಕಾದ ಹೆಜ್ಜೆಗಳನ್ನು ಬರೆಯಲು ಹೇಳಿದರು. ಮೂರು ತತ್ತ್ವಗಳನ್ನೂ ಬರೆದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. 1985ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ಚಿಂತನೆಗೆ ಹಚ್ಚುವಂಥದ್ದು.

ಕೇಳುವುದು ಬೇರೆ, ನೋಡುವುದು ಬೇರೆ

ಬಳಕೆದಾರರ ಮಾತನ್ನು ಕೇಳಬೇಕು ಎಂದರೆ ಅವರು ಹೇಳಿದ್ದನ್ನೆಲ್ಲ ಮಾಡಬೇಕು ಎಂದರ್ಥವಲ್ಲ. ಇಲ್ಲೊಂದು ಕಹಿ ಉದಾಹರಣೆಯಿದೆ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ, ಗಣಕನಿಯಂತ್ರಿತ ಯಂತ್ರ. 1985ರಿಂದ 1987ರ ನಡುವೆ ಇದರಿಂದ ಆರು ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಬಿತ್ತು. ಕನಿಷ್ಠ ಮೂವರು ಸತ್ತರು. ತಂತ್ರಾಂಶದೊಳಗಿನ ದೋಷಗಳ ಬಗ್ಗೆ ಬಹಳಷ್ಟು ಬರೆದಿದ್ದಾರೆ. ನಾವು ಇಲ್ಲಿ ಪರದೆಯ ಕಡೆ ನೋಡೋಣ.

ಮೊದಲಿನ ವಿನ್ಯಾಸದಲ್ಲಿ ಚಿಕಿತ್ಸೆಯ ವಿವರಗಳನ್ನು ನಿರ್ವಾಹಕರು ರೋಗಿಯ ಪಕ್ಕದ ಯಂತ್ರದಲ್ಲೂ ಹೊರಗಿನ ಗಣಕದಲ್ಲೂ ಎರಡು ಸಲ ನಮೂದಿಸಬೇಕಿತ್ತು. ಎರಡೂ ತಾಳೆಯಾದರೆ ಮಾತ್ರ ಯಂತ್ರ ಮುಂದುವರಿಯುತ್ತಿತ್ತು. ಇದಕ್ಕೆ ತುಂಬ ಹೊತ್ತು ಹಿಡಿಯುತ್ತದೆ ಎಂದು ನಿರ್ವಾಹಕರು ದೂರಿದರು. ತಯಾರಕರು ಒಪ್ಪಿ, ಎರಡನೆಯ ಸಲ ಕೀಲಿಯೊಂದನ್ನು ಒತ್ತುತ್ತಾ ಹೋದರೆ ಹಳೆಯ ವಿವರವೇ ಬಂದು ಕೂರುವಂತೆ ಮಾಡಿದರು. ದೂರು ನಿವಾರಣೆಯಾಯಿತು, ಆದರೆ ತಪ್ಪು ಹಿಡಿಯಲೆಂದೇ ಇದ್ದ ಜರಡಿಯೂ ಹೋಯಿತು. ಇನ್ನು ಯಂತ್ರ ತೊಂದರೆ ಕಂಡಾಗ ಪರದೆಯ ಮೇಲೆ ಬರುತ್ತಿದ್ದುದು ‘ದೋಷ 54’ ಎಂಬಂಥ ಬರಿಯ ಸಂಖ್ಯೆ. ಅದರ ಅರ್ಥವನ್ನು ನಿರ್ವಾಹಕರ ಕೈಪಿಡಿ ವಿವರಿಸಿರಲಿಲ್ಲ. ಸಣ್ಣಪುಟ್ಟ ಕಾರಣಕ್ಕೂ ಇಂಥ ಸಂದೇಶ ದಿನಕ್ಕೆ ಹಲವು ಬಾರಿ ಬರುತ್ತಿದ್ದುದರಿಂದ, ‘ಮುಂದುವರಿಸು’ ಎಂಬ ಕೀಲಿಯನ್ನು ಒತ್ತುವುದು ಅವರಿಗೆ ರೂಢಿಯಾಗಿತ್ತು. 1986ರಲ್ಲಿ ಟೆಕ್ಸಾಸ್‌ನ ಟೈಲರ್ ನಗರದಲ್ಲಿ ಆದದ್ದೂ ಹಾಗೆಯೇ. ‘ದೋಷ 54’ ಕಂಡಿತು, ನಿರ್ವಾಹಕಿ ‘ಮುಂದುವರಿಸು’ ಒತ್ತಿದರು, ರೋಗಿಯ ಮೇಲೆ ಮತ್ತೊಮ್ಮೆ ವಿಕಿರಣ ಬಿತ್ತು.

ಆಕೆಯದು ನಿರ್ಲಕ್ಷ್ಯ ಎನ್ನುವುದು ಸುಲಭ. ಆದರೆ ದಿನವೂ ಸುಳ್ಳು ಎಚ್ಚರಿಕೆ ಕೊಡುವ ಯಂತ್ರ ಮನುಷ್ಯನಿಗೆ ಕಲಿಸುವುದು ಎಚ್ಚರಿಕೆಯನ್ನು ಕಡೆಗಣಿಸುವುದನ್ನೇ. ಆಸ್ಪತ್ರೆಯಲ್ಲಿ ಒಂದು ದಿನ ಕುಳಿತು, ಕೈ ಯಾವ ಕೀಲಿಗೆ ತಾನಾಗಿ ಹೋಗುತ್ತದೆ ಎಂದು ನೋಡಿದ್ದರೆ ಇದು ಕಾಣುತ್ತಿತ್ತು.

ನೋಡುವುದರಿಂದ ಮಾತ್ರ ಸಿಗುವ ತಿಳಿವಳಿಕೆಗೆ ಒಂದು ನಗೆಯ ಉದಾಹರಣೆಯೂ ಇದೆ. 1983ರಲ್ಲಿ ಹೊರಬಂದ ಆಪಲ್ ಕಂಪನಿಯ ಲಿಸಾ ಗಣಕದ ವಿನ್ಯಾಸ ನಡೆಯುತ್ತಿದ್ದಾಗ, ಆಜ್ಞೆಯನ್ನು ಖಚಿತಪಡಿಸುವ ಗುಂಡಿಯ ಮೇಲೆ ಇಂಗ್ಲಿಷಿನಲ್ಲಿ ‘ಡೂ ಇಟ್’, ಅಂದರೆ ‘ಮಾಡು’ ಎಂದು ಬರೆದಿತ್ತು. ಲ್ಯಾರಿ ಟೆಸ್ಲರ್ ನಡೆಸುತ್ತಿದ್ದ ಪ್ರಯೋಗಗಳಲ್ಲಿ ಕೆಲವರು ಅಲ್ಲಿಗೆ ಬಂದೊಡನೆ ತಡವರಿಸಿ ‘ರದ್ದು ಮಾಡು’ ಒತ್ತುತ್ತಿದ್ದರು. ಒಬ್ಬನನ್ನು ವಿಚಾರಿಸಿದಾಗ, ಗಣಕ ತನ್ನನ್ನು ‘ಡೋಲ್ಟ್’, ಅಂದರೆ ಪೆದ್ದ ಎಂದು ಬೈಯುತ್ತಿದೆ ಎಂದು ಆತ ಸಿಡುಕಿದ! ಆ ಅಕ್ಷರಶೈಲಿಯಲ್ಲಿ ಇಂಗ್ಲಿಷಿನ ದೊಡ್ಡ ‘ಐ’ ಮತ್ತು ಚಿಕ್ಕ ‘ಎಲ್’ ಒಂದೇ ಗೆರೆಯಂತೆ ಕಾಣುತ್ತಿದ್ದವು. ಪದಗಳ ನಡುವೆ ಅಂತರವೂ ಕಡಿಮೆ. ಗುಂಡಿಯ ಮೇಲಿನ ಪದ ‘ಓಕೆ’ ಎಂದು ಬದಲಾಯಿತು. ಈ ದೋಷವನ್ನು ಯಾವ ಪ್ರಶ್ನಾವಳಿ ಹಿಡಿಯುತ್ತಿತ್ತು, ನೀವೇ ಹೇಳಿ.

ಎಷ್ಟು ಜನ ಸಾಕು?

ಪ್ರಯೋಗ ಎಂದೊಡನೆ ನೂರಾರು ಜನ ಬೇಕೇನೋ ಎನಿಸುತ್ತದೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಇದಕ್ಕೊಂದು ಸರಳ ಗಣಿತ ಕೊಟ್ಟರು. ಒಬ್ಬ ಬಳಕೆದಾರನನ್ನು ನೋಡಿದಾಗ ಒಂದು ದೋಷ ಬೆಳಕಿಗೆ ಬರುವ ಸಂಭವನೀಯತೆ 0.31 ಎಂದಿಟ್ಟುಕೊಳ್ಳಿ, ಅವರು ಪರಿಶೀಲಿಸಿದ ಯೋಜನೆಗಳ ಸರಾಸರಿ ಹೀಗಿತ್ತು. ಅಂದರೆ ದೋಷ ತಪ್ಪಿಸಿಕೊಳ್ಳುವ ಸಂಭವನೀಯತೆ 0.69. ಇಬ್ಬರನ್ನು ನೋಡಿದರೂ ಕಾಣದಿರುವ ಸಂಭವನೀಯತೆ 0.69 × 0.69, ಅಂದರೆ ಸುಮಾರು 0.48. ಮೂವರಾದರೆ 0.33, ನಾಲ್ವರಾದರೆ 0.23, ಐವರಾದರೆ 0.16. ಹೀಗೆ ಐದು ಜನರಿಂದಲೇ ಶೇಕಡಾ 84ರಷ್ಟು ದೋಷಗಳು ಕಾಣಸಿಗುತ್ತವೆ. ಆರನೆಯವರಿಂದ ಮುಂದೆ ಹೊಸದಾಗಿ ತಿಳಿಯುವುದು ಕಡಿಮೆಯಾಗುತ್ತಾ ಹೋಗುತ್ತದೆ.

ಆದ್ದರಿಂದ 15 ಜನ ಸಿಕ್ಕರೆ ಎಲ್ಲರನ್ನೂ ಒಂದೇ ಪ್ರಯೋಗಕ್ಕೆ ಕೂರಿಸಬೇಡಿ. ಐವರಿಗೆ ತೋರಿಸಿ, ತಿದ್ದಿ, ಮತ್ತೆ ಐವರಿಗೆ ತೋರಿಸಿ, ಎಂದು ನೀಲ್ಸನ್ ಸಲಹೆ ಕೊಟ್ಟರು. ಆದರೆ 0.31 ಎಂಬುದು ಪ್ರಕೃತಿನಿಯಮವಲ್ಲ. ಅಪರೂಪಕ್ಕೆ ಕಾಣಿಸುವ ದೋಷಗಳಿಗೆ ಅದು 0.05 ಕೂಡ ಇರಬಹುದು; ಆಗ ಐವರಿಂದ ಸಿಗುವುದು ಶೇಕಡಾ 23 ಮಾತ್ರ. ಥೆರಾಕ್-25ರಂಥ ಯಂತ್ರಕ್ಕೆ ‘ಐದು ಜನ ಸಾಕು’ ಎನ್ನುವುದು ಗಣಿತವನ್ನು ಅರ್ಧ ಮಾತ್ರ ಓದಿದಂತೆ. ತರಗತಿಯಲ್ಲಿ ಸಂಭವನೀಯತೆ ಪಾಠ ಮಾಡುವಾಗ ಈ ಲೆಕ್ಕವನ್ನು ಬೇರೆ ಬೇರೆ ಬೆಲೆಗಳಿಗೆ ಮಾಡಿಸಿ ನೋಡಬಹುದು.

ಇಂದಿನ ತಂತ್ರಾಂಶ ತಂಡಗಳಲ್ಲಿ ಈ ತಿರುಗಣಿ ಚಿಕ್ಕದಾಗಿದೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ತಂತ್ರಜ್ಞರು ಸೇರಿ ಹೊರಡಿಸಿದ ‘ಅಜೈಲ್’ ಪ್ರಣಾಳಿಕೆಯ ನಂತರ, ಕೆಲವು ವಾರಗಳಿಗೊಮ್ಮೆ ಸಣ್ಣ ಭಾಗವೊಂದನ್ನು ಮುಗಿಸಿ ಬಳಕೆದಾರರಿಗೆ ಕೊಡುವುದು ವ್ಯಾಪಕ ರೂಢಿಯಾಯಿತು. ಅಂತರ್ಜಾಲದ ಸೇವೆಗಳಲ್ಲಂತೂ ಒಂದೇ ಪುಟದ ಎರಡು ರೂಪಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ, ಯಾವುದಕ್ಕೆ ಹೆಚ್ಚು ಕ್ಲಿಕ್ ಬಂತೆಂದು ಎಣಿಸುತ್ತಾರೆ. ಎಣಿಕೆ ‘ಎಷ್ಟು’ ಎಂಬುದನ್ನು ಹೇಳುತ್ತದೆ, ‘ಏಕೆ’ ಎಂಬುದನ್ನು ಹೇಳುವುದಿಲ್ಲ. ಲಿಸಾದ ಗುಂಡಿ ಒತ್ತದವರ ಸಂಖ್ಯೆಯನ್ನು ಎಷ್ಟು ಎಣಿಸಿದರೂ ‘ಪೆದ್ದ’ ಎಂಬ ಪದ ಹೊರಬರುತ್ತಿರಲಿಲ್ಲ.

ನೀವೇ ಮಾಡಿ ನೋಡಿ

ಈ ಕ್ರಮವನ್ನು ಕಲಿಯಲು ಗಣಕವೇ ಬೇಡ. ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಹುಡುಕುವ ತಂತ್ರಾಂಶ ಬೇಕು ಎಂದಿಟ್ಟುಕೊಳ್ಳಿ. ಮೊದಲು ಎರಡು ದಿನ ಗ್ರಂಥಾಲಯದಲ್ಲಿ ಕುಳಿತು, ಮಕ್ಕಳು ಪುಸ್ತಕವನ್ನು ಯಾವ ಮಾತಿನಲ್ಲಿ ಕೇಳುತ್ತಾರೆ ಎಂದು ಬರೆದುಕೊಳ್ಳಿ. ಲೇಖಕರ ಹೆಸರು ಹೇಳುವವರೆಷ್ಟು, ‘ಆ ನೀಲಿ ರಟ್ಟಿನ ಹಕ್ಕಿ ಪುಸ್ತಕ’ ಎನ್ನುವವರೆಷ್ಟು? ಅದರ ಆಧಾರದ ಮೇಲೆ ಪ್ರತಿ ಪರದೆಗೂ ಒಂದೊಂದು ಹಾಳೆಯಲ್ಲಿ ಚಿತ್ರ ಬರೆಯಿರಿ. ಗುಂಡಿಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಅಳಿಸಬೇಕಾಗುತ್ತದೆ.

ಈಗ ಇದನ್ನು ನೋಡಿರದ ವಿದ್ಯಾರ್ಥಿಯೊಬ್ಬರನ್ನು ಕರೆದು ಮೊದಲ ಹಾಳೆ ಮುಂದಿಡಿ. ‘ಹಕ್ಕಿಗಳ ಬಗ್ಗೆ ಒಂದು ಪುಸ್ತಕ ಹುಡುಕು’ ಎಂದಷ್ಟೇ ಹೇಳಿ. ಅವರು ಬೆರಳಿಟ್ಟ ಗುಂಡಿಗೆ ತಕ್ಕಂತೆ ಮುಂದಿನ ಹಾಳೆ ಇಡುವವರು ಒಬ್ಬರು. ಅವರೇ ಗಣಕ, ಮಾತನಾಡಬಾರದು. ಬರೆದುಕೊಳ್ಳುವವರು ಇನ್ನೊಬ್ಬರು. ಅವರ ಹಾಳೆಯಲ್ಲಿ ಮೂರು ಕಲಂ ಸಾಕು: ಬೆರಳು ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ತಡೆಯಿತು, ಬಾಯಲ್ಲಿ ಬಂದ ಮಾತೇನು. ವಿದ್ಯಾರ್ಥಿ ತಡವರಿಸಿದಾಗ ‘ಅಲ್ಲಿ ಅಲ್ಲ, ಇಲ್ಲಿ ಒತ್ತು’ ಎಂದು ಹೇಳಲು ಚಿತ್ರ ಬರೆದವರ ನಾಲಿಗೆ ತುರಿಸುತ್ತದೆ. ಆದ್ದರಿಂದ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ. ಐದು ವಿದ್ಯಾರ್ಥಿಗಳಾದ ಮೇಲೆ ಮೂರು ಕಲಂಗಳನ್ನು ಒಟ್ಟಿಗೆ ಓದಿ, ಹಾಳೆಗಳನ್ನು ತಿದ್ದಿ, ಮರುದಿನ ಬೇರೆ ಐವರನ್ನು ಕರೆಯಿರಿ.